ಮೊನ್ನೆಯ ಲೆಕ್ಕ

ನಮ್ಮ ಭಾಷೆಯಲ್ಲಿ 'ಮೊನ್ನೆ' ಎಂಬ ಮಾತೊಂದಿದೆ. ನಿಘಂಟಿನ ಪ್ರಕಾರ ಅದು ನಿನ್ನೆಯ ಹಿಂದಿನ ದಿನ. ಬಳಕೆಯಲ್ಲಿ ಅದರ ಸಂಸಾರ ಇನ್ನೂ ದೊಡ್ಡದು. 'ಮೊನ್ನೆ ಬಂದಿದ್ದರಲ್ಲ' ಎಂದರೆ ಹೋದ ವಾರವಿರಬಹುದು, ಹೋದ ಯುಗಾದಿಯೂ ಇರಬಹುದು. 'ಮೊನ್ನೆ ಮೊನ್ನೆ ಮದುವೆಯಾದ ಹುಡುಗಿ' ತನ್ನ ಮಗನನ್ನು ಶಾಲೆಗೆ ಸೇರಿಸಲು ಬಂದು ನಿಂತಿರುತ್ತಾಳೆ. ಇದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿರಲಿಲ್ಲ. ಹದಿನೆಂಟು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಈ ಸಡಿಲವನ್ನು ಭಾಷೆಯ ಒಂದು ಸೊಗಸೆಂದೇ ಹುಡುಗರ ಮುಂದೆ ವರ್ಣಿಸುತ್ತಿದ್ದೆ. 2025ರ ಜನವರಿಯಲ್ಲಿ ಆ ಸೊಗಸಿನ ಬೆಲೆ ಎಷ್ಟೆಂಬುದು ನನಗೆ ತಿಳಿಯಿತು.

ಒಂದು ಬೆಳಗ್ಗೆ ಅಮ್ಮ ದೇವರ ಮನೆಯಿಂದ ಎದ್ದು ಬರುವಾಗ ತಲೆಸುತ್ತಿ ಗೋಡೆ ಹಿಡಿದುಕೊಂಡಳು. ಆಸ್ಪತ್ರೆಗೆ ಕರೆದೊಯ್ದೆವು. ರಕ್ತದೊತ್ತಡ ಇನ್ನೂರು ದಾಟಿತ್ತು. ಡಾಕ್ಟರು ಕೂಡಲೇ ಒಳಗೆ ಸೇರಿಸಿಕೊಂಡರು. ನನಗೆ ಹೆದರಿಕೆಯಾದದ್ದು ನಿಜ. ಹಣದ ಹೆದರಿಕೆ ಮಾತ್ರ ಇರಲಿಲ್ಲ. 2022ರಲ್ಲೇ ಅಮ್ಮನ ಹೆಸರಿಗೆ ಆರೋಗ್ಯ ವಿಮೆ ಮಾಡಿಸಿದ್ದೆ. ವರ್ಷಕ್ಕೆ ಮೂವತ್ತು ಸಾವಿರದ ಮೇಲೆ ಕಂತು, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. (ಈ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದರು, ಅಷ್ಟರಲ್ಲಿ ನಾನು ನಾಲ್ಕು ಸಲ ಕಟ್ಟಿಯಾಗಿತ್ತು.) ಕಂತು ಕಟ್ಟಿದ ದಿನವೆಲ್ಲ ನಾನು ಮಗನ ಕರ್ತವ್ಯವನ್ನು ಪೂರೈಸಿದವನಂತೆ ಎದೆಯುಬ್ಬಿಸಿ ನಡೆಯುತ್ತಿದ್ದೆ.

ಆಸ್ಪತ್ರೆಯ ವಿಮೆ ವಿಭಾಗದಲ್ಲಿ ಕಾರ್ಡು ಕೊಟ್ಟೆ. 2024ರ ಮೇ ತಿಂಗಳಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ, ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ನಮ್ಮ ಕಂಪನಿ ನಿಯಮಕ್ಕೆ ತಪ್ಪಲಿಲ್ಲ. ಐವತ್ತು ನಿಮಿಷದಲ್ಲಿ ಉತ್ತರ ಬಂತು: ಆಗುವುದಿಲ್ಲ.

ಕಾರಣ ಕೇಳಿದೆ. ಮೇಜಿನ ಹಿಂದಿದ್ದ ಹುಡುಗ ಕೇಸ್ ಶೀಟನ್ನು ನನ್ನ ಕಡೆ ತಿರುಗಿಸಿದ. 'ರಕ್ತದೊತ್ತಡ: 20 ವರ್ಷಗಳಿಂದ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ವಿಮೆ ಮಾಡಿಸಿದಾಗ ಇಂಥ ಯಾವ ಕಾಯಿಲೆಯೂ ಇಲ್ಲವೆಂದು ಹೇಳಿದ್ದೆವು. ಕಂಪನಿಯ ಕಣ್ಣಿಗೆ ನಾವು ಕಾಯಿಲೆ ಮುಚ್ಚಿಟ್ಟವರು.

ಓಡಿಹೋಗಿ ಅಮ್ಮನನ್ನು ಕೇಳಿದೆ. "ಆ ಡಾಕ್ಟರ ಹುಡುಗ ಎಷ್ಟು ದಿನದಿಂದ ಇದೆ ಅಜ್ಜಿ ಅಂತ ಕೇಳಿದ. ಯಾವ ಕಾಲದಿಂದಲೋ ಇದೆಯಪ್ಪ, ಇಪ್ಪತ್ತು ವರ್ಷವೇ ಆಯಿತೋ ಏನೋ ಅಂದೆ" ಎಂದಳು. ಮೊದಲು ವಿಮೆ ಮಾಡಿಸುವಾಗ ಕಂಪನಿಯ ಹುಡುಗಿ ಫೋನಿನಲ್ಲಿ ಆರೋಗ್ಯ ವಿಚಾರಿಸಿದ್ದಳು. ಆಗ ಅಮ್ಮ, "ನನಗೇನಮ್ಮ ಆಗಿದೆ, ಕಲ್ಲುಗುಂಡಿನ ಹಾಗಿದ್ದೇನೆ" ಎಂದಿದ್ದಳು. ಎರಡೂ ಅಲಂಕಾರವೇ: ಒಂದು ಉಪಮೆ, ಇನ್ನೊಂದು ಅತಿಶಯೋಕ್ತಿ. ಕಂಪನಿಯವರು ಎರಡನ್ನೂ ದಾಖಲೆ ಮಾಡಿಕೊಂಡಿದ್ದರು.

ಮೂರು ರಾತ್ರಿ ಕಳೆದು ಅಮ್ಮ ಮನೆಗೆ ಬಂದಳು. ಅರವತ್ತೆರಡು ಸಾವಿರ ರೂಪಾಯಿಯನ್ನು ಕೈಯಿಂದಲೇ ಕಟ್ಟಿದೆ. ಆದರೆ ಆ ವಿಮೆ ವಿಭಾಗದ ಹುಡುಗ ಒಳ್ಳೆಯವನು. "ಕ್ಯಾಶ್‌ಲೆಸ್ ಇಲ್ಲ ಅಂದರೆ ಕ್ಲೇಮೇ ಇಲ್ಲ ಅಂತಲ್ಲ ಸಾರ್. ಬಿಲ್ಲುಗಳನ್ನೆಲ್ಲ ಇಟ್ಟು ಆಮೇಲೆ ಅರ್ಜಿ ಹಾಕಿ. ಬಿಪಿ ಅಂತ ಡಾಕ್ಟರು ಮೊದಲು ಬರೆದುಕೊಟ್ಟ ಚೀಟಿ ಸಿಕ್ಕಿದರೆ ಸಾಕು" ಎಂದ. ಕಾಯಿಲೆ ಮೈಯೊಳಗೆ ಎಂದು ಹುಟ್ಟಿತೆಂಬುದನ್ನು ಯಾರು ಬಲ್ಲರು? ವೈದ್ಯರು ಎಂದು ಗುರುತಿಸಿದರೆಂಬುದೇ ವಿಮೆಯ ಲೆಕ್ಕದಲ್ಲಿ ಮುಖ್ಯ. ಅಂದು ರಾತ್ರಿ ಕುಳಿತು ಪಾಲಿಸಿಯನ್ನು ಮೊದಲ ಸಲ ಓದಿದೆ. ಹಳಗನ್ನಡದ ಕಾವ್ಯಕ್ಕೆ ಅರ್ಥ ಹೇಳುವವನಿಗೆ ಅದರ ನಾಲ್ಕು ಪುಟ ದಾಟುವುದು ಕಷ್ಟವಾಯಿತು. ಕಾವ್ಯದಲ್ಲಿ ಒಂದು ಪದ ಬಿಟ್ಟರೆ ರಸ ಹೋಗುತ್ತದೆ, ಇಲ್ಲಿ ಹಣ ಹೋಗುತ್ತದೆ.

ಚೀಟಿಯನ್ನು ಹುಡುಕಬೇಕಾಯಿತು. ಅಮ್ಮನ ಕಾಗದಪತ್ರಗಳೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿರುತ್ತವೆ. ಅದನ್ನು ನಾನೆಂದೂ ತೆರೆದವನಲ್ಲ. ಊರಿನ ಜಮೀನಿನ ಕಂದಾಯದ ರಸೀತಿ, ಅಪ್ಪನ ಕನ್ನಡಕದ ಬಿಲ್ಲು, ನನ್ನ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯ ನಕಲು. ಅವುಗಳ ಕೆಳಗೆ ಔಷಧದ ಕಾಗದಗಳು, ರಬ್ಬರು ಹಾಕಿ ಒಟ್ಟಿಗೆ ಕಟ್ಟಿದ್ದವು. 2023ರ ಜೂನ್ ತಿಂಗಳ ಚೀಟಿ ಸಿಕ್ಕಿತು. ಮಂಡಿನೋವಿಗೆಂದು ಪಕ್ಕದ ಮನೆಯವರ ಜೊತೆ ಹೋದಾಗ ನಮ್ಮ ಬಡಾವಣೆಯ ಡಾಕ್ಟರು ಬರೆದದ್ದು. ಒತ್ತಡ 160/100, ಹೊಸದಾಗಿ ಕಂಡುಬಂದಿದೆ, ದಿನಕ್ಕೊಂದು ಮಾತ್ರೆ. ನಾನು ಹಿಗ್ಗಿ ಹೋದೆ. ಇಪ್ಪತ್ತು ವರ್ಷವೆಂದದ್ದು ಒಂದೂವರೆ ವರ್ಷವಷ್ಟೇ! ಅತಿಶಯೋಕ್ತಿ ಸಾಬೀತಾಯಿತು.

ಪೂರ್ತಿ ಸಾಬೀತಾಗಲೆಂದು ಅಂಗಡಿಯ ಬಿಲ್ಲುಗಳನ್ನೂ ತಾರೀಖಿನಂತೆ ಜೋಡಿಸತೊಡಗಿದೆ. ಜೂನ್‌ನಲ್ಲಿ ಮೂವತ್ತು ಮಾತ್ರೆ. ಮುಂದಿನದು ಆಗಸ್ಟ್‌ನಲ್ಲಿ, ಮೂವತ್ತು. ಆಮೇಲೆ ಅಕ್ಟೋಬರ್. ನಡುವಿನ ತಿಂಗಳ ಬಿಲ್ಲು ಕಳೆದಿರಬೇಕೆಂದುಕೊಂಡೆ. ಡಿಸೆಂಬರಿಗೆ ಬರುವ ಹೊತ್ತಿಗೆ ಕೈ ನಿಂತಿತು. ಅಮ್ಮ ಬಿಲ್ಲು ಕಳೆಯುವವಳಲ್ಲ.

"ದಿನ ಬಿಟ್ಟು ದಿನ ನುಂಗುತ್ತಿದ್ದೆ ಕಣೋ" ಎಂದಳು, ಸಾರಿಗೆ ಉಪ್ಪು ಕಡಮೆ ಹಾಕಿದೆ ಎನ್ನುವ ದನಿಯಲ್ಲಿ. "ಚೆನ್ನಾಗಿಯೇ ಇದ್ದೆನಲ್ಲ. ಆ ಇನ್ಶೂರೆನ್ಸಿಗೆ ಅಷ್ಟೊಂದು ದುಡ್ಡು ಸುರಿಯುತ್ತೀಯ. ಅದರ ಮೇಲೆ ಇದೂ ಯಾಕೆ ಅಂತ."

ಆ ಮಾತ್ರೆಯೊಂದಕ್ಕೆ ಐದು ರೂಪಾಯಿಯೂ ಇಲ್ಲ.

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ನನ್ನಲ್ಲಿ ಏನಿತ್ತು? ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಾಳೆಂಬುದು ನನಗೆ ಗೊತ್ತಿತ್ತು. ಎಂದಿನಿಂದ, ಎಷ್ಟು, ದಿನವೂ ಹೌದೋ ಅಲ್ಲವೋ ಎಂಬುದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಅನ್ನ ಉಂಡು, ನಾನು ಒಮ್ಮೆಯೂ ಕೇಳದ ಪ್ರಶ್ನೆಗಳನ್ನು ಎಲ್ಲಿಯೋ ಕುಳಿತ ಕಂಪನಿ ಕೇಳಿತು. ಅದು ಕೇಳಿದ್ದು ಹಣ ಉಳಿಸಿಕೊಳ್ಳಲು, ನಿಜ. ಆದರೆ ಕೇಳಿತು.

ಕಂಪನಿಗೆ ಕಾಗದ ಬರೆದೆ. ಕನ್ನಡದ ಮಾತಿನ ರೀತಿಯನ್ನು ವಿವರಿಸಿ ನಾಲ್ಕು ಪುಟ ಸಿದ್ಧಪಡಿಸಿದ್ದೆ. ಆಸ್ಪತ್ರೆಯ ಹುಡುಗ ನೋಡಿ, "ಸಾರ್, ಎರಡು ಸಾಲು ಸಾಕು" ಎಂದ. ಇಪ್ಪತ್ತು ವರ್ಷವೆಂಬುದು ರೋಗಿಯ ಬಾಯಿಮಾತೇ ಹೊರತು ಅದಕ್ಕೆ ದಾಖಲೆಯಿಲ್ಲವೆಂದು ಆಸ್ಪತ್ರೆಯ ಡಾಕ್ಟರಿಂದಲೂ ಒಂದು ಚೀಟಿ ಬರೆಸಿಕೊಟ್ಟ. ಕಂಪನಿ ಒಪ್ಪದಿದ್ದರೆ ವಿಮಾ ಲೋಕಪಾಲರಿದ್ದಾರೆ, ಅಲ್ಲಿ ಶುಲ್ಕವಿಲ್ಲ ಎಂದು ಧೈರ್ಯವನ್ನೂ ಹೇಳಿದ. ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ. ಆರು ವಾರದ ಮೇಲೆ ಹಣ ಬಂತು. ಕೈಗವಸು, ಕುಡಿಯುವ ನೀರಿನ ಬಾಟಲಿ, ಸಾಮಾನು ಹೊತ್ತ ಚೀಲ ಮೊದಲಾದ ಕೊಡತಕ್ಕದ್ದಲ್ಲದ ಬಾಬುಗಳನ್ನು ಮುರಿದುಕೊಂಡಿದ್ದರು. ಆ ಪಟ್ಟಿಯೂ ಪಾಲಿಸಿಯ ಕೊನೆಯಲ್ಲೇ ಇತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ, "ಅಮ್ಮ, ಮಾತ್ರೆ ಆಯಿತೇ?" ಎನ್ನುತ್ತೇನೆ.

"ಆಗಲೇ ಆಯಿತು."

"ಆಗಲೇ ಎಂದರೆ ಎಷ್ಟು ಹೊತ್ತಿಗೆ?"

"ನೀನೂ ಆ ಇನ್ಶೂರೆನ್ಸಿನವರ ಹಾಗೇ ಆದೆ" ಎನ್ನುತ್ತಾಳೆ. ಸ್ವಲ್ಪ ತಡವಾಯಿತೆಂದು ನಾನು ಮನಸ್ಸಿನಲ್ಲೇ ಅಂದುಕೊಂಡು, ಡಬ್ಬಿ ತೆರೆದು ಉಳಿದ ಮಾತ್ರೆಗಳನ್ನು ಎಣಿಸುತ್ತೇನೆ.