ತೂತು ಕಾಸಿಗೆ ಹುಣಸೆಹಣ್ಣು ಬೇಡ

ಹಳ್ಳಿಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಿಂತರೆ ಎಲ್ಲರೂ ಕೇಳೋದು ಒಂದೇ: "ಏನಪ್ಪಾ, ನಿಧಿನಾ?" ಪುರವರದಲ್ಲೂ ಅದೇ ಆಯ್ತು. ಕೇಳಿದವರದ್ದು ತಪ್ಪಿಲ್ಲ ಬಿಡಿ. ಮಧುಗಿರಿ ಸೀಮೆಯಲ್ಲಿ ಕೋಟೆ, ಹಳೇ ಗುಡಿಗಳಿಗೆ ಬರವಿಲ್ಲ. ರಾತ್ರೋರಾತ್ರಿ ಗುಡಿ ಹಿಂದೆ ಗುಂಡಿ ತೋಡುವ ನಿಧಿಗಳ್ಳರಿಂದ ಈ ಯಂತ್ರಕ್ಕೂ ಕೆಟ್ಟ ಹೆಸರು.

ನಾನು ಹುಡುಕ್ತಿದ್ದದ್ದು ನಮ್ಮ ತಾತನ ಮನೆಯನ್ನ. ಆ ಮಣ್ಣಿನ ಮನೆ ಬಿದ್ದು ವರ್ಷಗಳಾಗಿ ಜಾಲಿ ಬೆಳೆದಿತ್ತು. ಹೊಸ ಮನೆಯ ಪಾಯಕ್ಕೆ ದೊಡ್ಡಪ್ಪ ಸೋಮವಾರ ಜೆಸಿಬಿ ಹೇಳಿದ್ದರು. ನನಗೆ ಉಳಿದಿದ್ದು ಒಂದೇ ವೀಕೆಂಡ್. ಅಲ್ಲಿ ಹುಟ್ಟಿ ಬೆಳೆದ ಅಪ್ಪ ಈಗಿಲ್ಲ. ಅವರ ಬಾಲ್ಯದ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ.

ಸ್ವಂತ ಜಾಗ ಅಂದಮಾತ್ರಕ್ಕೆ ನೆಲದಲ್ಲಿ ಸಿಕ್ಕಿದ್ದೆಲ್ಲಾ ಸ್ವಂತ ಆಗಲ್ಲ. ಬ್ರಿಟಿಷರು 1878ರಲ್ಲೇ ನಿಧಿಗೆ ಕಾಯ್ದೆ ತಂದಿದ್ದರು. ನಮ್ಮ ರಾಜ್ಯದ್ದು 1962ರದ್ದು. ಚಿನ್ನ, ಬೆಳ್ಳಿ, ಗಡಿಗೆ ಏನೇ ಕಂಡರೂ ಅಲ್ಲಿಗೇ ನಿಲ್ಲಿಸಿ ತಹಸೀಲ್ದಾರರಿಗೆ ತಿಳಿಸೋದು ಅಂತ ದೊಡ್ಡಪ್ಪನ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ. ಸಂರಕ್ಷಿತ ಸ್ಮಾರಕದ ಹತ್ತಿರವಂತೂ ಈ ಹವ್ಯಾಸ ಬೇಡವೇ ಬೇಡ.

ಮೊದಲ ದಿನ ಪೂರ್ತಿ ಗುಟ್ಕಾ ಪಾಕೆಟ್ಟು, ಸೋಡಾ ಮುಚ್ಚಳ. ಆಮೇಲೆ ಬಾಗಿಲ ಚಿಲಕ, ಎತ್ತಿನ ಲಾಳ, ನಾಲ್ಕು ಮೊಳೆ. ನಾಣ್ಯದಂಥ ಸಣ್ಣ ವಸ್ತು ಒಂದು ಗೇಣಿಗಿಂತ ಕೆಳಗಿದ್ದರೆ ನನ್ನ ಡಿಟೆಕ್ಟರಿಗೆ ಗೊತ್ತೇ ಆಗಲ್ಲ. ಭಾನುವಾರ ಸಂಜೆ, ಬಚ್ಚಲಿದ್ದ ಮೂಲೆಯಲ್ಲಿ ಸಣ್ಣಗೆ, ಸ್ಪಷ್ಟವಾಗಿ ಕೀ ಅಂತು. ನಾಲ್ಕು ಬೆರಳು ಆಳದಲ್ಲಿ ಮಣ್ಣು ಮೆತ್ತಿದ ಒಂದು ಬಳೆಯಂಥದ್ದು. ತೂತು ಕಾಸು!

"ಒಸಿ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜು ಮಗ, ಫಳಫಳ ಅಂತದೆ" ಅಂದರು ದೊಡ್ಡಮ್ಮ. ತಾಮ್ರದ ಚೊಂಬಿಗೆ ಅದು ಸರಿ. ಹಳೇ ನಾಣ್ಯಕ್ಕೆ ಮಾತ್ರ ಕೂಡದು. ಮೇಲಿನ ಕಂದು ಪದರವೇ ಅದಕ್ಕೆ ಚರ್ಮ. ಹುಳಿ ಅದನ್ನ ತಿಂದುಹಾಕುತ್ತೆ, ಸವೆದ ಅಕ್ಷರವೂ ಹೋಗುತ್ತೆ. ನಾನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ಮೆತ್ತಗಾದ ಮಣ್ಣನ್ನ ಬಿದಿರಿನ ಕಡ್ಡಿಯಲ್ಲಿ ಬಿಡಿಸಿ, ಮೆದು ಬ್ರಷ್ ಆಡಿಸಿ, ನೆರಳಲ್ಲಿ ಒಣಗಿಸಿದೆ. ನಿಮಗೂ ಇಂಥದ್ದು ಸಿಕ್ಕಿ, ತಿಳಿ ಹಸಿರು ಪುಡಿ ಪದೇಪದೇ ಬರ್ತಿದ್ದರೆ ಬೇರೆ ನಾಣ್ಯದ ಜತೆ ಇಡಬೇಡಿ. ಅದು ಲೋಹವನ್ನೇ ತಿನ್ನುತ್ತಿರುತ್ತೆ.

ಮೊದಲು ಕಿರೀಟ ಕಂಡಿತು, ಆಮೇಲೆ ಇಸವಿ: 1944. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸೋಕೆ ನಡುವೆ ತೂತು ಬಿಟ್ಟು ಅಚ್ಚು ಹಾಕಿದ ಒಂದು ಪೈಸೆ.

ದೊಡ್ಡಪ್ಪ ಅದನ್ನ ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮಪ್ಪನ ಉಡಿದಾರದಾಗೆ ಇಂಥದ್ದೇ ಒಂದಿತ್ತು ಕಣೋ. ಬಚ್ಚಲಲ್ಲಿ ಕಳಕೊಂಡು ಅವ್ವನ ಕೈಲಿ ಏಟು ತಿಂದಿದ್ದ."

ಅದೇ ಕಾಸು ಇದು ಅನ್ನೋಕಾಗಲ್ಲ. ಕೋಟಿಗಟ್ಟಲೆ ಅಚ್ಚಾದ ನಾಣ್ಯ, ಮಾರಿದರೆ ಕಾಫಿ ಖರ್ಚು ಹುಟ್ಟಬಹುದು ಅಷ್ಟೆ. ಆದರೆ ಅಪ್ಪ ಏಟು ತಿಂದ ಕಥೆ ನಾನು ಕೇಳಿದ್ದು ಅವತ್ತೇ ಮೊದಲು.

ಹತ್ತು ಗಂಟೆಗೆ ಜೆಸಿಬಿ ಬಂತು. ತೆಗೆದ ಮಣ್ಣನ್ನ ಸಾಗಿಸದೆ ಬೇಲಿ ಪಕ್ಕ ಗುಡ್ಡೆ ಹಾಕಿಸಿದ್ದಾರೆ ದೊಡ್ಡಪ್ಪ. "ಮುಂದಿನ ಸಲ ಬರೋವಾಗ ಆ ಮಿಷಿನ್ನು ತತ್ತಾ" ಅಂದಿದ್ದಾರೆ.