ಹಳೆಯ ಕಂಪ್ಯೂಟರಿನ ಏದುಸಿರು

ಒಂದು ಫೋಟೋ ತೆರೆಯಲು ಕಂಪ್ಯೂಟರು ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಂಡಿತೆಂದರೆ ಮಕ್ಕಳ ಬಾಯಲ್ಲಿ ಬರುವ ಮೊದಲ ಮಾತು ‘ಇದು ಹಳೆಯದಾಯಿತು, ಹೊಸದು ಕೊಡಿಸಿ’ ಎಂಬುದು. ಪಾಲಕರಿಗೂ ಅದು ನಿಜವೆನಿಸುತ್ತದೆ. ಯಂತ್ರಕ್ಕೆ ಒಪ್ಪಿಸಿದ ಕೆಲಸ ಎಷ್ಟೆಂದು ಕೇಳುವವರು ಕಡಿಮೆ.

ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಮನೆಯೊಂದರಲ್ಲಿ ಹಾಗೇ ಆಯಿತು. ಹೈಸ್ಕೂಲು ಹುಡುಗ ಊರಿನ ರತ್ನತ್ರಯ ಬಸದಿಯ ಕುರಿತು ಶಾಲೆಗೆ ಬರೆದೊಪ್ಪಿಸಬೇಕಿತ್ತು. ಅಪ್ಪಯ್ಯನ ಮೊಬೈಲಿನಲ್ಲಿ ಇನ್ನೂರು ಫೋಟೋ ತೆಗೆದು ಮನೆಯ ಕಂಪ್ಯೂಟರಿಗೆ ಹಾಕಿದ. ಬೆಂಗಳೂರಿನ ಚಿಕ್ಕಪ್ಪ ಬಳಸಿ ಬಿಟ್ಟದ್ದು ಅದು. ಮೆಮೊರಿ 512 ಎಂಬಿ. ನಾಲ್ಕು ಚಿತ್ರ ನೋಡುವಷ್ಟರಲ್ಲಿ ಯಂತ್ರ ನಿಂತೇ ಹೋದಂತಾಯಿತು. ಹೊಸದು ಬೇಕೆಂದು ಹಟ ಹಿಡಿದ. ಅಡಿಕೆಯ ದುಡ್ಡಿನಲ್ಲಿ ಮಗಳ ಕಾಲೇಜು ಫೀಸು, ತೋಟದ ಖರ್ಚು ಕಳೆದು ಉಳಿಯುವುದೆಷ್ಟೆಂದು ಅಪ್ಪಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು.

ಬೇರೊಂದು ಲೆಕ್ಕ ಹಾಕಿದವಳು ಶಿರಸಿಯಲ್ಲಿ ಬಿಎಸ್ಸಿ ಓದುವ ಅಕ್ಕ. ಫೋಟೋ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳದು, ಒಟ್ಟು 1.2 ಕೋಟಿ. ಡಿಸ್ಕಿನಲ್ಲಿ ಅದು ನಾಲ್ಕು ಎಂಬಿಯ ಪುಟ್ಟ ಕಡತವೇನೋ ಹೌದು. ಆದರೆ ಅದು ಬಾಯಿ ಹೊಲಿದ ಚೀಲ, ನೋಡಬೇಕಾದರೆ ಬಿಚ್ಚಿ ಸುರಿಯಬೇಕು. ಚುಕ್ಕಿಯೊಂದಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಸುರಿದಾಗ 36 ಎಂಬಿ! ಮೆಮೊರಿಯನ್ನು ಅಂಗಳವೆಂದುಕೊಂಡರೆ ಇಂಥ ಹದಿನಾಲ್ಕು ಚೀಲಕ್ಕೇ ಅಂಗಳ ಭರ್ತಿ. ವಿಂಡೋಸ್ ಹಿಡಿದ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಬೇಗ. ಆಮೇಲೆ ಯಂತ್ರ ಕೆಲವನ್ನು ಹಾರ್ಡ್ ಡಿಸ್ಕ್ ಎಂಬ ಅಟ್ಟಕ್ಕೆ ಹೊರುವುದು, ಬೇಕಾದಾಗ ಇಳಿಸುವುದು. ಏದುಸಿರು ಇದರದ್ದೇ. ಇಷ್ಟಾಗಿ ಆ ಪರದೆ ತೋರಿಸಬಲ್ಲದ್ದು 1024ಕ್ಕೆ 768, ಅಂದರೆ ಎಂಟು ಲಕ್ಷಕ್ಕೂ ಕಡಿಮೆ ಚುಕ್ಕಿ. ಹದಿನೈದು ಬಿಡಿಸಿ ಹದಿನಾಲ್ಕನ್ನು ಎಸೆಯುವ ಕೆಲಸ!

1996ರಲ್ಲಿ ಮೊದಲು ಬಂದ ಇರ್ಫಾನ್‌ವ್ಯೂ ಎಂಬ ಹಗುರ ತಂತ್ರಾಂಶದಿಂದ ಅಕ್ಕ ಎಲ್ಲ ಚಿತ್ರಗಳಿಗೂ ಒಮ್ಮೆಗೇ 1000ಕ್ಕೆ 750ರ ಪ್ರತಿ ಮಾಡಿ ಬೇರೆ ಫೋಲ್ಡರಿಗೆ ಹಾಕಿದಳು. ಬಿಚ್ಚಿದರೂ ಒಂದೊಂದು ಎರಡೂಕಾಲು ಎಂಬಿ ಅಷ್ಟೇ. ಮೂಲ ಚಿತ್ರಗಳನ್ನು ಅಳಿಸಗೊಡಲಿಲ್ಲ. ಬಸದಿಯ ಶಾಸನವನ್ನು ಹಿಗ್ಗಿಸಿ ಓದಲು ಅವೇ ಬೇಕು. ಒಂದು ಚಿತ್ರ ನೋಡುತ್ತಿರುವಾಗಲೇ ಮುಂದಿನದನ್ನು ಬಿಡಿಸಿಟ್ಟುಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಮೆಮೊರಿ ಕಡಿಮೆಯಿದ್ದಲ್ಲಿ ದೊಡ್ಡ ಚಿತ್ರಗಳಿಗೆ ಅದು ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಪ್ರತಿ ಮಾಡದೆಯೂ ಜೆಪೆಗ್ ಚಿತ್ರವನ್ನು ಕಾಲುಭಾಗದ ಅಳತೆಯಲ್ಲೇ ಬಿಡಿಸಬಲ್ಲ ತಂತ್ರಾಂಶಗಳಿವೆ. ಅದು ಸಾಧ್ಯವಾಗುವ ಬಗೆ ಸೊಗಸಾಗಿದೆ. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಮೊದಲು ಸರಾಸರಿ ಹೊಳಪನ್ನು, ಬಳಿಕ ದೊಡ್ಡ ಏರಿಳಿತವನ್ನು, ಕೊನೆಗೆ ನವಿರು ವಿವರಗಳನ್ನು ಬರೆದಿಡುತ್ತದೆ. ಚಿಕ್ಕ ಚಿತ್ರ ಸಾಕೆಂದರೆ ಮೊದಲ ಕೆಲವು ಸಂಖ್ಯೆಗಳಿಂದಲೇ ಚೌಕ ಸಿದ್ಧ. ಈ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಇದನ್ನು ಯೋಚಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲೇ ಹುಟ್ಟಿ, ಇಂದು ಯುವಿಸಿಇ ಎನ್ನುವ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದವರು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಧನಸಹಾಯ ಕೋರಿದಾಗ ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ನಿಂತಿರುವುದು ಅದರ ಮೇಲೆ.

ಬಿಳಗಿಯ ಆ ಮನೆಯಲ್ಲಿ ಹೊಸ ಕಂಪ್ಯೂಟರಿನ ಮಾತು ಸದ್ಯಕ್ಕೆ ನಿಂತಿದೆ. ಹುಡುಗ ನಾಳೆ ವೀಡಿಯೊ ಜೋಡಿಸಹೊರಟರೆ ಮಾತ್ರ 512 ಎಂಬಿ ಸಾಲದು.