ಲೆಕ್ಕಕ್ಕೆ ಸಿಗದ ದೂರು

ಪುಣೆಯ ಕನ್ನಡಿಗರ ಕೂಟಗಳಲ್ಲಿ ಹೊಸಬರ ಪರಿಚಯವಾದಾಗ ಮೊದಲ ಪ್ರಶ್ನೆ ಊರು ಯಾವುದೆಂದು, ಎರಡನೆಯದು ಕೆಲಸವೇನೆಂದು. ಮೊದಲನೆಯದಕ್ಕೆ ನಾವು ಮೂವರೂ ತಡವರಿಸುವುದಿಲ್ಲ: ಧಾರವಾಡ, ಸಾಗರ, ಇಂಡಿ. ಎರಡನೆಯದಕ್ಕೆ ‘ಐಟಿಯಲ್ಲಿ’ ಎಂದರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ನಮಗೆ ಆಗುವುದಿಲ್ಲ. ಏಕೆಂದರೆ ನಾವು ತಂತ್ರಾಂಶ ಬರೆಯುವವರಲ್ಲ. ಕಂಪನಿಯೊಂದರಲ್ಲಿ ಕಂಪ್ಯೂಟರೋ ಪ್ರಿಂಟರೋ ಪಾಸ್‌ವರ್ಡೋ ಕೈಕೊಟ್ಟಾಗ ಆ ದೂರನ್ನು ಬರೆದುಕೊಂಡು, ಅದಕ್ಕೊಂದು ಸಂಖ್ಯೆ ಕೊಟ್ಟು, ಸರಿಪಡಿಸುವವರ ಕೈಗೆ ದಾಟಿಸಿ, ಮುಗಿಯುವ ತನಕ ಬೆನ್ನು ಬಿಡದೆ ಕಾಯುವ ತಂತ್ರಾಂಶಗಳಿವೆ. ದೂರಿಗೆ ಅಲ್ಲಿ ‘ಟಿಕೆಟ್’ ಎಂದು ಹೆಸರು. ಅಂಥ ತಂತ್ರಾಂಶವನ್ನು ಕಂಪನಿಗಳಲ್ಲಿ ನೆಲೆಗೊಳಿಸಿ, ಕೆಲಕಾಲ ನಾವೇ ನಿಂತು ನಡೆಸಿಕೊಡುವುದು ನಮ್ಮ ಉದ್ಯೋಗ. ಸರಳವಾಗಿ ಹೇಳುವುದಾದರೆ, ದೂರುಗಳ ಶಾನುಭೋಗಿಕೆ.

ಈ ಶಾನುಭೋಗಿಕೆಯ ಹಿಂದೆ ದೊಡ್ಡದೊಂದು ವ್ಯಾಪಾರವಿದೆ. 1980ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರ ತನ್ನ ಇಲಾಖೆಗಳ ಕಂಪ್ಯೂಟರ್ ಸೇವೆ ಹೇಗೆ ನಡೆಯಬೇಕೆಂಬುದನ್ನು ಪುಸ್ತಕಮಾಲೆಯಾಗಿ ಬರೆಯಿಸಿತು. ‘ಐಟಿಲ್’ ಎಂದು ಇಂದು ಎಲ್ಲರೂ ಕರೆಯುವುದು ಅದನ್ನೇ. ಇಂದು ಪ್ರಿಂಟರ್ ನಿಂತುಹೋದದ್ದು ಒಂದು ಘಟನೆ, ಅದು ಪದೇಪದೇ ನಿಲ್ಲಲು ಇರುವ ಕಾರಣ ಬೇರೆಯೇ ಒಂದು ಸಮಸ್ಯೆ. ಎರಡನ್ನೂ ಬೇರೆಬೇರೆಯಾಗಿ ಬರೆದಿಡಬೇಕು ಎಂಬ ವಿವೇಕ ಅಲ್ಲಿಂದ ಬಂದದ್ದು. ಅದೇ ಕಾಲಕ್ಕೆ, 1990ರಲ್ಲಿ, ಅಮೆರಿಕದಲ್ಲಿ ರೆಮಿಡಿ ಎಂಬ ಕಂಪನಿ ಹುಟ್ಟಿ ದೂರುಗಳನ್ನು ದಾಖಲಿಸುವ ತಂತ್ರಾಂಶ ಮಾರತೊಡಗಿತು. 2001ರಲ್ಲಿ ಅದನ್ನು ಪೆರಿಗ್ರಿನ್ ಎಂಬ ಕಂಪನಿ ಕೊಂಡುಕೊಂಡಿತು. ಮರುವರ್ಷವೇ ಪೆರಿಗ್ರಿನ್ ಲೆಕ್ಕಪತ್ರದ ಹಗರಣದಲ್ಲಿ ದಿವಾಳಿಯಾಯಿತು. ಆ ದಿವಾಳಿ ಈ ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿತು. ರೆಮಿಡಿ ಬಿಎಂಸಿಯ ಪಾಲಾಯಿತು. ಬಿಎಂಸಿಯ ದೊಡ್ಡ ಅಭಿವೃದ್ಧಿ ಕೇಂದ್ರವೊಂದು ಪುಣೆಯಲ್ಲೇ ಇರುವುದರಿಂದ ಇಲ್ಲಿನ ಅನೇಕ ಎಂಜಿನಿಯರುಗಳಿಗೆ ರೆಮಿಡಿ ಮನೆಮಾತು. ಪೆರಿಗ್ರಿನ್‌ನಲ್ಲಿ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಫ್ರೆಡ್ ಲಡ್ಡಿ 2004ರಲ್ಲಿ ಹೊಸದಾಗಿ ಆರಂಭಿಸಿದ ಕಂಪನಿಯೇ ಸರ್ವೀಸ್‌ನೌ. ತಂತ್ರಾಂಶವನ್ನು ಕೊಂಡು ಸ್ವಂತ ಯಂತ್ರಗಳಲ್ಲಿ ಕೂರಿಸಬೇಕಿಲ್ಲ, ಬ್ರೌಸರಿನಲ್ಲಿ ತೆರೆದು ಬಾಡಿಗೆ ಕೊಟ್ಟರೆ ಸಾಕು ಎಂಬುದು ಅವರ ದಾರಿ. ಇಂದು ದೊಡ್ಡ ಕಂಪನಿಗಳ ಮಾರುಕಟ್ಟೆಯಲ್ಲಿ ಆ ದಾರಿಯೇ ರಾಜಮಾರ್ಗ.

ನಮ್ಮ ಗಿರಾಕಿಗಳು ಅಷ್ಟು ದೊಡ್ಡವರಲ್ಲ. ಭೋಸರಿ, ಚಾಕಣ ಕಡೆಯ, ವಾಹನಗಳ ಬಿಡಿಭಾಗ ತಯಾರಿಸುವ ನಡುಗಾತ್ರದ ಕಾರ್ಖಾನೆಗಳು. ಅವರಿಗೆ ಒದಗಿ ಬಂದದ್ದು ಚೆನ್ನೈ. ಝೋಹೊದವರ ಸರ್ವೀಸ್‌ಡೆಸ್ಕ್ ಪ್ಲಸ್, 2010ರಲ್ಲಿ ಶುರುವಾಗಿ 2021ರಲ್ಲಿ ಅಮೆರಿಕದ ನಾಸ್ಡಾಕ್ ಏರಿದ ಫ್ರೆಶ್‌ವರ್ಕ್ಸ್‌ನ ಫ್ರೆಶ್‌ಸರ್ವೀಸ್, ಇವು ಅವರ ಜೇಬಿಗೆ ಹೊಂದುತ್ತವೆ. ಅದೂ ಭಾರವೆನಿಸಿದರೆ ಜಿಎಲ್‌ಪಿಐಯಂಥ ಮುಕ್ತ ತಂತ್ರಾಂಶಗಳಿವೆ.

ಇಷ್ಟು ವರ್ಷಗಳಲ್ಲಿ ನಮಗೆ ತಿಳಿದುಬಂದ ಸಂಗತಿಯೆಂದರೆ, ಕೆಲಸಗಾರರ ತೊಂದರೆ ನೀಗಲೆಂದು ಇದನ್ನು ಕೊಳ್ಳುವವರು ಕಡಿಮೆ. ಜರ್ಮನಿಯ ವಾಹನ ತಯಾರಕರು ತಮ್ಮ ಪೂರೈಕೆದಾರರಿಂದ ಟಿಸಾಕ್ಸ್ ಎಂಬ ಮಾಹಿತಿಭದ್ರತೆಯ ಪರೀಕ್ಷೆಯನ್ನು ಕೇಳುತ್ತಾರೆ. ಯಾವ ಯಂತ್ರಕ್ಕೆ ಯಾರು ಯಾವಾಗ ಕೈಹಾಕಿದರು ಎಂಬುದಕ್ಕೆ ದಾಖಲೆ ಬೇಕಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಕಚೇರಿ ಮನೆಮನೆಗೆ ಚದುರಿದಾಗ, ಮೇಜಿನ ಬಳಿ ಹೋಗಿ ಕರೆಯುತ್ತಿದ್ದ ಹಳೆಯ ಪದ್ಧತಿ ಮುರಿಯಿತು. 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್, ಸೈಬರ್ ಅವಘಡಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಆದೇಶಿಸಿತು. ಅಂದರೆ ಖರೀದಿಯ ಹಿಂದೆ ಇರುವುದು ಬಹುಪಾಲು ಲೆಕ್ಕ ಒಪ್ಪಿಸಬೇಕಾದ ಒತ್ತಡ. ಅದರಲ್ಲಿ ತಪ್ಪೇನಿಲ್ಲ. ಲೆಕ್ಕವನ್ನೇ ಸೇವೆಯೆಂದು ನಾವು ಯಾವಾಗ ಬಗೆದೆವೋ, ತಪ್ಪು ಅಲ್ಲಿ ಆಯಿತು.

2022ರ ಮಳೆಗಾಲದಲ್ಲಿ ಭೋಸರಿಯ ಕಾರ್ಖಾನೆಯೊಂದಕ್ಕೆ ಇಂಥ ತಂತ್ರಾಂಶ ಹಾಕಿದೆವು. ಅದಕ್ಕೆ ಮುಂಚೆ ಅಲ್ಲಿ ದೂರು ಕೊಡುವುದೆಂದರೆ ಫೋನು, ವಾಟ್ಸಾಪ್, ಇಲ್ಲವೇ ಹೆಗಲು ಮುಟ್ಟಿ ಕರೆಯುವುದು. ಯಾರ ಕೆಲಸ ಎಷ್ಟು ಹೊತ್ತು ಹಿಡಿಯಿತೆಂಬುದಕ್ಕೆ ಲೆಕ್ಕವೇ ಇರಲಿಲ್ಲ. ಆದ್ದರಿಂದ ಮೊದಲ ದಿನವೇ ಒಂದು ನಿಯಮ ಸಾರಿದೆವು: ಟಿಕೆಟ್ ಇಲ್ಲದೆ ಕೆಲಸವಿಲ್ಲ. ಈ ಉದ್ಯೋಗದಲ್ಲಿ ಎಲ್ಲರೂ ಸಾರುವ ನಿಯಮವೇ ಅದು. ಫೋನಿನಲ್ಲಿ ಒಬ್ಬರಿಗೆ ಮಣಿದರೆ ನಾಳೆ ಯಾರೂ ಪೋರ್ಟಲ್ಲಿನ ಹತ್ತಿರ ಸುಳಿಯುವುದಿಲ್ಲ ಎಂಬ ಭಯ ಅದರ ಹಿಂದಿದೆ.

ಆ ಕಾರ್ಖಾನೆಯ ಉಗ್ರಾಣದಲ್ಲಿ ಸಿಂದಗಿ ಕಡೆಯ ಹಿರಿಯರೊಬ್ಬರಿದ್ದರು. ಗುತ್ತಿಗೆಯ ಕೆಲಸಗಾರರು. ಎಲ್ಲರಿಗೂ ಅವರು ಕಾಕಾ. ಬಿಡಿಭಾಗಗಳ ಪೆಟ್ಟಿಗೆಗಳಿಗೆ ಬಾರ್‌ಕೋಡಿನ ಲೇಬಲ್ ಅಂಟಿಸಿ ಲಾರಿಗೆ ಏರಿಸುವುದು ಅವರ ಪಾಲಿನ ಕೆಲಸ. ನಮ್ಮಲ್ಲಿ ಇಂಡಿಯವರೊಬ್ಬರು ಇದ್ದದ್ದರಿಂದ ಅವರ ಫೋನು ನೇರವಾಗಿ ನಮಗೇ ಬರುತ್ತಿತ್ತು. ನಿಯಮ ಜಾರಿಯಾದ ವಾರದಲ್ಲೂ ಬಂತು.

“ಸರ, ಲೇಬಲ್ ಮಷೀನ್ ಅರ್ಧಕ್ಕ ನಿಂದ್ರಾಕತ್ತೈತ್ರಿ.”

“ಕಾಕಾ, ಇನ್ನ ಮ್ಯಾಲೆ ಫೋನ್ ನಡ್ಯಾಂಗಿಲ್ರಿ. ಟಿಕೆಟ್ ಹಾಕ್ರಿ, ಕೂಡ್ಲೇ ಮಂದಿ ಕಳಸ್ತೀವಿ.”

“ಆತ್ರಿ” ಎಂದು ಅವರು ಫೋನಿಟ್ಟರು. ಮತ್ತೆ ಫೋನು ಬರಲಿಲ್ಲ, ಟಿಕೆಟ್ಟೂ ಬರಲಿಲ್ಲ. ಪ್ರಿಂಟರ್ ತಾನೇ ಸರಿಹೋಗಿರಬೇಕು ಎಂದುಕೊಂಡೆವು. ನಿಜ ಹೇಳಬೇಕೆಂದರೆ, ಹಾಗೆಂದುಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮೂರನೆಯ ತಿಂಗಳು ಕಾರ್ಖಾನೆಯ ಮೇಲಧಿಕಾರಿಗಳ ಮುಂದೆ ವರದಿ ಒಪ್ಪಿಸಿದೆವು. ಉಗ್ರಾಣ ಮತ್ತು ಯಂತ್ರಶಾಲೆಯಿಂದ ಬರುವ ದೂರುಗಳು ಹೆಚ್ಚುಕಡಿಮೆ ಇಲ್ಲವೆಂಬಷ್ಟು ಇಳಿದಿದ್ದವು. ಒಪ್ಪಿದ ಅವಧಿಯೊಳಗೆ ಪರಿಹಾರವಾದ ದೂರುಗಳ ಪಟ್ಟಿ ಪೂರ್ತಿ ಹಸಿರು. ನಮ್ಮ ಉದ್ಯೋಗದಲ್ಲಿ ಇಂಥ ವರದಿಗೆ ‘ಕಲ್ಲಂಗಡಿ’ ಎಂಬ ಹಾಸ್ಯದ ಹೆಸರಿದೆ: ಹೊರಗೆ ಹಸಿರು, ಕೊಯ್ದರೆ ಒಳಗೆ ಕೆಂಪು. ಆ ಹಾಸ್ಯ ಗೊತ್ತಿದ್ದವರೇ ನಾವು. ಆದರೂ ಚಪ್ಪಾಳೆಗೆ ತಲೆಬಾಗಿ, ಹೊರಡುವಾಗ ಸೌಜನ್ಯಕ್ಕೆಂದು ಕಾಕಾ ಅವರನ್ನು ಮಾತಾಡಿಸಲು ಉಗ್ರಾಣಕ್ಕೆ ಹೋದೆವು.

ಅವರ ಮೇಜಿನ ಮೇಲೆ ಬಿಳಿಯ ಅಂಟುಪಟ್ಟಿ, ಕಪ್ಪು ಮಾರ್ಕರ್ ಪೆನ್ನು. ಪ್ರಿಂಟರಿಗೆ ಗೋಣಿಚೀಲ ಹೊದಿಸಿತ್ತು. ಎರಡೂವರೆ ತಿಂಗಳಿಂದ ಅದು ಸರಿಯಾಗಿ ನಡೆದಿರಲಿಲ್ಲ. ಅದು ಕೈಕೊಟ್ಟ ದಿನಗಳಲ್ಲಿ ಕಾಕಾ ಲೇಬಲ್ಲುಗಳನ್ನು ಕೈಯಲ್ಲೇ ಬರೆಯುತ್ತ, ಪಾಳಿ ಮುಗಿದ ಮೇಲೂ ಕೂತಿರುತ್ತಿದ್ದರು. ಒಮ್ಮೆ ಒಂದು ಅಂಕಿ ತಪ್ಪಿ, ಹೋದ ಮಾಲು ಮರಳಿ ಬಂತು. ಎರಡು ದಿನದ ಪಗಾರ ಹಿಡಿದರು.

“ಟಿಕೆಟ್ ಯಾಕ ಹಾಕ್ಲಿಲ್ರಿ ಕಾಕಾ?” ನಮ್ಮಲ್ಲೊಬ್ಬರು ಕೇಳಿದರು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

“ಅದರಾಗ ಹೋಗಾಕ ಕಂಪನಿ ಮೇಲ್ ಬೇಕಂತ್ರಿ. ನಮಗೆಲ್ಲಿ ಐತ್ರಿ ಮೇಲು? ಸೂಪರ್‌ವೈಜರ್‌ಗೆ ಎರಡ ಸಲ ಹೇಳಿದೆ. ಇಂಗ್ಲಿಷ್‌ನ್ಯಾಗ ಬರ್ದು ಕೊಡಂದ್ರು. ನನಗ ಬರೂದಿಲ್ರಿ. ಫೋನ್ ಹಚ್ಚಬ್ಯಾಡ ಅಂತ ನೀವಂದಿದ್ರಿ.”

ಕೊನೆಯ ಮಾತಿನಲ್ಲಿ ಆಕ್ಷೇಪಣೆಯ ದನಿಯಿರಲಿಲ್ಲ. ನಾವು ಹೇಳಿದ್ದನ್ನು ಅವರು ಪಾಲಿಸಿದ್ದರು, ಅಷ್ಟೇ. ಅಳದಿದ್ದರೆ ತಾಯಿಯೂ ಹಾಲೂಡಿಸಳು ಎನ್ನುತ್ತಾರೆ. ಇಲ್ಲಿ ಅವರು ಅತ್ತಿದ್ದರು. ನಮ್ಮದೇ ನುಡಿಯಲ್ಲಿ, ನಮ್ಮದೇ ಕಿವಿಗೆ. ಇಂತಿಂಥ ಬಾಗಿಲಲ್ಲಿ ನಿಂತು ಅಳಬೇಕು ಎಂದವರು ನಾವು.

ತಂತ್ರಾಂಶದಲ್ಲಿ ಕೊರತೆಯಿತ್ತೇ? ಇರಲಿಲ್ಲ. ಇಂಥ ತಂತ್ರಾಂಶಗಳ ಬಾಡಿಗೆಯನ್ನು ಸಾಮಾನ್ಯವಾಗಿ ದೂರು ಬಿಡಿಸುವ ಸಿಬ್ಬಂದಿಯ ತಲೆಯೆಣಿಕೆಯ ಮೇಲೆ ಕಟ್ಟುತ್ತಾರೆ. ದೂರು ಕೊಡುವವರು ಎಷ್ಟಿದ್ದರೂ ಅದಕ್ಕೆ ಬೇರೆ ಹಣವಿಲ್ಲ. ಕಾಕಾ ಅವರನ್ನು ಸೇರಿಸಿಕೊಂಡಿದ್ದರೆ ಒಂದು ಪೈಸೆಯೂ ಹೆಚ್ಚಾಗುತ್ತಿರಲಿಲ್ಲ. ಫೋನಿನಲ್ಲಿ ಬಂದ ದೂರನ್ನು ಕೇಳಿದವರೇ ಟಿಕೆಟ್ಟಾಗಿ ಬರೆದುಕೊಳ್ಳುವ ವ್ಯವಸ್ಥೆಯೂ ಅದರಲ್ಲಿ ಮೊದಲಿನಿಂದ ಇತ್ತು. ನಾವೇ ಅದನ್ನು ಮುಚ್ಚಿಟ್ಟಿದ್ದೆವು. ಬಳಕೆದಾರರ ಪಟ್ಟಿ ಕೇಳಿದಾಗ ಕಾರ್ಖಾನೆ ಮೇಲ್ ವಿಳಾಸವಿದ್ದವರ ಪಟ್ಟಿ ಕೊಟ್ಟಿತು. ಗುತ್ತಿಗೆಯವರು ಅದರಲ್ಲಿ ಇಲ್ಲವೆಂಬುದನ್ನು ನಾವು ಗಮನಿಸಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮರುವಾರ ಮೂರು ಬದಲಾವಣೆ ಮಾಡಿದೆವು. ಫೋನನ್ನು ಮತ್ತೆ ತೆರೆದೆವು. ಎತ್ತಿದವರೇ ಟಿಕೆಟ್ ಬರೆಯಬೇಕು. ಕನ್ನಡ, ಮರಾಠಿ, ಹಿಂದಿ, ಯಾವ ನುಡಿಯಲ್ಲಿ ಹೇಳಿದರೂ ಆ ನುಡಿಯಲ್ಲೇ ಬರೆದುಕೊಳ್ಳಬಹುದು. ದೂರನ್ನು ‘ಮುಗಿಯಿತು’ ಎಂದು ಗುರುತಿಸುವ ಮೊದಲು ಕೊಟ್ಟವರ ಬಾಯಿಂದಲೇ ಹೌದೆನ್ನಿಸಿಕೊಳ್ಳಬೇಕು. ಪ್ರಿಂಟರಿನ ತೊಂದರೆಯ ಮೂಲವೂ ಸಿಕ್ಕಿತು: ಸವೆದ ಒಂದು ರೋಲರು. ಬದಲಿಸಲು ಅರ್ಧ ಗಂಟೆ ಸಾಕಾಯಿತು. ಕಾಕಾ ಅವರ ಎರಡು ದಿನದ ಪಗಾರವನ್ನು ಮರಳಿಸಬೇಕೆಂದು ಪತ್ರ ಬರೆದೆವು. ಅದು ಮಾತ್ರ ಆಗಲಿಲ್ಲ.

ಮುಂದಿನ ವರದಿಯಲ್ಲಿ ಉಗ್ರಾಣದ ದೂರುಗಳು ಏರಿದ್ದವು, ಹಸಿರಿನ ನಡುವೆ ಅಲ್ಲಲ್ಲಿ ಕೆಂಪು ಕಾಣಿಸಿಕೊಂಡಿತ್ತು. ಸೇವೆ ಹದಗೆಟ್ಟಿತೇ ಎಂದು ಮೇಲಧಿಕಾರಿಗಳು ಕೇಳಿದರು. ಹಿಂದಿನ ವರದಿ ತಪ್ಪಾಗಿತ್ತು ಎಂದು ಹೇಳಿ, ಹೇಗೆಂಬುದನ್ನೂ ವಿವರಿಸಿದೆವು. ಒಪ್ಪಂದ ಆರು ತಿಂಗಳಿಗೆ ಮಾತ್ರ ಮುಂದುವರಿಯಿತು.

ಈಗ ಈ ಮಾರುಕಟ್ಟೆಯಲ್ಲಿ ಎಲ್ಲರೂ ಆಡುವ ಮಾತು ಕೃತಕ ಬುದ್ಧಿಮತ್ತೆಯದು. ಮನುಷ್ಯರ ಕೈ ಸೋಕದೆ ಎಷ್ಟು ದೂರುಗಳು ತಾವಾಗಿ ಮುಗಿಯುತ್ತವೆ ಎಂಬುದರ ಮೇಲೆ ಪೈಪೋಟಿ ನಡೆದಿದೆ. ಕನ್ನಡದಲ್ಲಿ ಆಡಿದ ದೂರನ್ನು ಯಂತ್ರವೇ ಬರೆದುಕೊಳ್ಳುವುದಾದರೆ ಅದು ಒಳ್ಳೆಯದೇ, ನಮಗೆ ಅದರ ಬಗ್ಗೆ ಮುನಿಸಿಲ್ಲ. ಹೊಸ ಗಿರಾಕಿಗಳು ಅಂಥದ್ದನ್ನು ತೋರಿಸಿರೆಂದಾಗ ತೋರಿಸುತ್ತೇವೆ. ಆದರೆ ಅದಕ್ಕೂ ಮೊದಲು ಈಗ ನಾವು ಕೇಳುವುದು, ಕಾರ್ಖಾನೆಯ ಬಾಗಿಲಲ್ಲಿರುವ ಹಾಜರಿ ಪುಸ್ತಕ. ಮೇಲ್ ವಿಳಾಸಗಳ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು, ಇದರಲ್ಲಿದ್ದು ಅದರಲ್ಲಿಲ್ಲದ ಹೆಸರುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತೇವೆ. ಕೆಲವು ಕಡೆ ಅರ್ಧಕ್ಕಿಂತ ಹೆಚ್ಚು ಹೆಸರುಗಳಿಗೆ ಗೆರೆ ಬೀಳುತ್ತದೆ. ಕೆಲಸವನ್ನು ಅಲ್ಲಿಂದ ಶುರು ಮಾಡುತ್ತೇವೆ.